ನಾಳೆಗೆ ಬೇಕಾದ ಬೇವಿನ ಹೂ

ಮಧ್ವರಾಜರು ಮದರಾಸಿನ ಅಡ್ಯಾರಿನಲ್ಲಿ ಒಂದು ಹೋಟೆಲಿನ ನಲವತ್ತೊಂದು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ಅಷ್ಟು ವರ್ಷವೂ ಋತುಗಳು ಅವರ ಬಳಿಗೆ ಗೋಣಿಚೀಲದಲ್ಲಿ ಬರುತ್ತಿದ್ದವು. ಅವರೆಕಾಯಿ ಇಳಿಸಿದರೆ ಚಳಿ, ಮಾವಿನಕಾಯಿ ಇಳಿಸಿದರೆ ಬೇಸಿಗೆ. ಅವು ಗಿಡದ ಮೇಲೆ ಹೇಗಿರುತ್ತವೆ ಎಂದು ಹೊರಗೆ ಹೋಗಿ ನೋಡಲು ಪುರುಸೊತ್ತು ಎಲ್ಲಿತ್ತು? ಕೆಲಸ ಬಿಟ್ಟ ಮೇಲೆ ಸಕ್ಕರೆ ಕಾಯಿಲೆ ಹಿಡಿಯಿತು. ಡಾಕ್ಟರು ನಡೆಯಿರಿ ಎಂದರು, ಮಂಡಿ ಒಪ್ಪಲಿಲ್ಲ. ಪೆರುಂಗುಡಿಯಲ್ಲಿ ಕ್ಯಾಂಟೀನು ನಡೆಸುವ ಮಗ ಸೂರಜ್ ಹೋದ ಡಿಸೆಂಬರಿನಲ್ಲಿ ಒಂದು ಹಳೆಯ ಸೈಕಲ್ ತಂದುಕೊಟ್ಟ. ಹೀಗೆ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಮರಗಳನ್ನು ನೋಡಲು ಶುರು ಮಾಡಿದರು.

ಮನೆ ಕೇಳಂಬಾಕ್ಕಂನಲ್ಲಿ. ದೊಡ್ಡ ರಸ್ತೆ ಬಿಟ್ಟು ಎರಡು ತಿರುವು ಕಳೆದರೆ ಕೆರೆ ಏರಿ, ಗದ್ದೆ, ತಾಳೆಮರಗಳ ಸಾಲು. ರಜೆಯ ದಿನ ಮೊಮ್ಮಗಳು ವೀಕ್ಷಾ ತನ್ನ ಗಿಯರ್ ಸೈಕಲಿನಲ್ಲಿ ಜೊತೆಗೆ ಬರುವಳು. ಒಂಬತ್ತನೆಯ ಕ್ಲಾಸು. ಅಜ್ಜ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವಳು, ಇಬ್ಬರಿಗೂ ಅದರಿಂದ ಏನೂ ತೊಂದರೆ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬೇಲಿಯುದ್ದಕ್ಕೂ ತಂಗಡಿ ಹಳದಿ ಹೂ ಹೊತ್ತು ನಿಂತಿತು. ಬೂರುಗ ಎಲೆಯೆಲ್ಲ ಕಳಚಿಕೊಂಡು, ಮೈಮೇಲೆ ಕೆಂಪು ಹೂ ಬಿಟ್ಟರೆ ಬೇರೆ ಬಟ್ಟೆಯೇ ಇಲ್ಲದಂತೆ ನಿಂತಿತು. ಶಿವರಾತ್ರಿಯ ಹೊತ್ತಿಗೆ ಬೋಳಾದ ಹೊಂಗೆ, ಎರಡು ವಾರ ಬಿಟ್ಟು ನೋಡಿದರೆ, ಎಣ್ಣೆ ಸವರಿದಂಥ ಚಿಗುರು ಹೊತ್ತಿತ್ತು. ವೀಕ್ಷಾ ಎಲ್ಲವನ್ನೂ ಫೋಟೋ ತೆಗೆಯುವಳು. ಮಧ್ವರಾಜರು ಅಡುಗೆಯವರಲ್ಲವೇ, ಒಂದು ಎಲೆ ಕಿತ್ತು ಹಲ್ಲಿನ ತುದಿಯಲ್ಲಿ ಕಚ್ಚಿ ನೋಡುವರು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದಕ್ಕೆ ನೀವೇನು ಆಡಾ ಎಂದು ಅವಳು ತಮಿಳಿನಲ್ಲಿ ಗದರುವಳು.

ಬೇವಿನ ಮೇಲೆ ಮಾತ್ರ ಅವರ ಕಣ್ಣು ಬೇರೆ ಕಾರಣಕ್ಕೆ ಇತ್ತು. ಅದು ಗೋದಾಬಾಯಿಯವರಿಗೆ ಕೊಟ್ಟ ಮಾತು.

ಗೋದಾಬಾಯಿಯವರ ಮನೆ ಹೋಟೆಲಿನ ಹಿಂದಿನ ಬೀದಿಯಲ್ಲಿ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ವೈಷ್ಣವರು. ಅಂಗಳದಲ್ಲಿ ಒಂದು ಬೇವಿನ ಮರವಿತ್ತು. ಪ್ರತಿ ಯುಗಾದಿಯ ಬೆಳಿಗ್ಗೆ ಅವರು ತಾವೇ ಬೆಳ್ಳಿ ಬಟ್ಟಲಲ್ಲಿ ಬೇವು ಬೆಲ್ಲ ಹಿಡಿದು ಹೋಟೆಲಿನ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಅಡುಗೆಮನೆಯಲ್ಲಿ ಇದ್ದವರೆಲ್ಲ ಉಡುಪಿ ಕಡೆಯವರು. ಅವರಿಗೆ ಹೊಸ ವರ್ಷವೆಂದರೆ ಏಪ್ರಿಲ್ ನಡುವೆ ಬರುವ ಬಿಸು, ಸೂರ್ಯ ಮೇಷಕ್ಕೆ ಬರುವ ದಿನ. ಮೊದಲನೆಯ ಸಲ ಮಧ್ವರಾಜರು, "ಇದು ನಮ್ಮ ಹಬ್ಬ ಅಲ್ಲ ಅಮ್ಮ" ಎಂದಿದ್ದರು.

"ವರ್ಷ ನಿಮ್ದು ಯಾವತ್ತಾದ್ರೂ ಶುರುವಾಗ್ಲಿ. ಕಹಿ ಎಲ್ಲಾರ್ಗೂ ಒಂದೇ. ಕೈ ನೀಡು" ಎಂದಿದ್ದರು ಗೋದಾಬಾಯಿ.

ಹೋದ ವರ್ಷದ ಗಾಳಿಮಳೆಗೆ ಆ ಮರ ಬುಡಸಮೇತ ಬಿತ್ತು. ಗೋದಾಬಾಯಿಯವರಿಗೆ ಈಗ ಎಂಬತ್ತಾರು, ಕಣ್ಣು ಎರಡೂ ಹೋಗಿವೆ. ಜನವರಿಯಲ್ಲಿ ನೋಡಿ ಬರಲು ಹೋದಾಗ ಅವರು, "ಈ ಸಲ ನನ್ ಮಗ ಪಂಢರಿ ಅಂಗಡಿಯಿಂದ ಒಣಗಿದ ಹೂ ತರ್ತಾನಂತೆ. ಒಣಗಿದ್ದು ತಿಂದ್ರೆ ಹಳೇ ವರ್ಷನೇ ಇನ್ನೊಂದ್ಸರ್ತಿ ತಿಂದ ಹಾಗೆ ಕಣೋ" ಎಂದರು. ನಗುತ್ತಲೇ ಹೇಳಿದರು, ಆದರೆ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

"ಹಬ್ಬಕ್ಕೆ ಹಸಿ ಹೂ ನಾನು ತರ್ತೇನೆ ಅಮ್ಮ. ನೀವು ಆ ಯೋಚನೆ ಬಿಡಿ."

ಅವರು ಬಿಟ್ಟೂ ಬಿಟ್ಟರು. ಮಧ್ವರಾಜ ಹೇಳಿದ ಮೇಲೆ ಆಯಿತು ಎಂದು ಮಗನಿಗೆ ಅಂಗಡಿಯ ಹೂ ಬೇಡವೆಂದರು.

ಮಾರ್ಚ್ ಹದಿನೆಂಟು, ಬುಧವಾರ. ವೀಕ್ಷಾಗೆ ಪರೀಕ್ಷೆಗಳ ನಡುವೆ ಎರಡು ದಿನ ಬಿಡುವು. ಕೆರೆ ಏರಿಯ ಬೇವುಗಳೆಲ್ಲ ತಾಮ್ರದ ಬಣ್ಣದ ಎಳೆ ಎಲೆ ಬಿಟ್ಟಿದ್ದವು. ಮಧ್ವರಾಜರು ಒಂದು ಕೊಂಬೆ ಬಗ್ಗಿಸಿ ನೋಡಿದರು. ಮೊಗ್ಗು ಸಾಸಿವೆ ಕಾಳಿನಷ್ಟು.

"ಬರೋಬ್ಬರಿ ಉಂಟು. ಇನ್ನು ನಾಲ್ಕು ವಾರ. ಹಬ್ಬಕ್ಕೆ ಸರಿಯಾಗಿ ಅರಳ್ತದೆ" ಎಂದರು.

ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಗೋದಾಬಾಯಿಯವರ ಮಗ ಪಂಢರಿನಾಥ.

"ಮಧ್ವರಾಜ್, ನಾಳೆ ಎಷ್ಟೊತ್ತಿಗೆ ಬರ್ತೀರಾ? ಅಮ್ಮ ಬೆಳಗ್ಗೆಯಿಂದ ನಾಲ್ಕು ಸರ್ತಿ ಕೇಳಿದ್ರು."

"ನಾಳೆ ಎಂತ?"

"ಎಂತ ಅಂದ್ರೆ? ಯುಗಾದಿ ಅಲ್ವಾ."

ಮಧ್ವರಾಜರು ಕೊಂಬೆ ಬಿಟ್ಟರು. "ಬರ್ತೇನೆ" ಎಂದು ಹೇಗೋ ಹೇಳಿ ಫೋನು ಇಟ್ಟರು. ಜನವರಿಯಲ್ಲಿ ಮಾತು ಕೊಡುವಾಗ ಅವರ ತಲೆಯಲ್ಲಿ ಇದ್ದುದು ಬಿಸು. ಹೋಟೆಲಿನಲ್ಲಿ ಇರುವಷ್ಟು ದಿನ ಗೋದಾಬಾಯಿಯವರ ಯುಗಾದಿ ಯಾವಾಗ ಎಂದು ಎಣಿಸುವ ಅಗತ್ಯವೇ ಬಿದ್ದಿರಲಿಲ್ಲ. ಬಟ್ಟಲು ತಾನಾಗಿ ಬರುತ್ತಿತ್ತು.

"ಅಜ್ಜ, ಡೇಟ್ ತಪ್ಪಾಯ್ತಾ?" ಎಂದಳು ವೀಕ್ಷಾ, ತಮಿಳಿನಲ್ಲಿ. ಅವರ ಮುಖ ನೋಡಿ ಅವಳ ನಗು ಅರ್ಧಕ್ಕೇ ನಿಂತಿತು.

"ಡೇಟ್ ಅಲ್ಲ ಮಾರಾಯ್ತಿ. ನಾನು ಸೂರ್ಯನನ್ನು ನೋಡಿ ಎಣಿಸಿದೆ. ಅವರದ್ದು ಚಂದ್ರನ ಲೆಕ್ಕ."

"ಆನ್‌ಲೈನ್‌ನಲ್ಲಿ ಒಣಗಿದ ಹೂ ತರಿಸ್ಬಹುದು ಅಜ್ಜ. ಇವತ್ತೇ ತಂದು ಕೊಡ್ತಾರೆ."

"ಅವ್ರಿಗೆ ಹೋದದ್ದು ಕಣ್ಣು ಮಗಾ, ಮೂಗಲ್ಲ."

ಇಬ್ಬರೂ ತಿರುಪ್ಪೋರೂರಿನ ಕಡೆಗೆ ಒಳದಾರಿ ಹಿಡಿದರು. ಗುಡಿಯ ಮುಂದಿನ ಬೇವು, ಶಾಲೆಯ ಬೇವು, ಹುಲ್ಲಿನ ಬಣವೆಯ ಪಕ್ಕದ್ದು. ಹನ್ನೊಂದು ಮರ ನೋಡಿದರು. ಎಲ್ಲ ಕಡೆ ಅದೇ ಸಾಸಿವೆ ಕಾಳು. ಬಿಸಿಲು ಏರಿತು. ಮಧ್ವರಾಜರ ಮಂಡಿ ಕಿರುಗುಟ್ಟತೊಡಗಿತು. ವೀಕ್ಷಾ ತನ್ನ ಸೈಕಲನ್ನು ಬೇಕೆಂದೇ ನಿಧಾನ ಮಾಡಿಕೊಂಡು ಬಂದಳು.

ದಾರಿಯ ಬದಿಯಲ್ಲಿ ಒಂದು ಚಹಾ ಅಂಗಡಿ. ಅಂಗಡಿಯಾಕೆ ನಾಳೆಯ ಇಡ್ಲಿಗೆ ರುಬ್ಬಿದ ಹಿಟ್ಟಿನ ಪಾತ್ರೆಯನ್ನು ಒಲೆಯ ಗೋಡೆಗೆ ಒತ್ತಿ ಇಡುತ್ತಿದ್ದಳು. ಮಧ್ವರಾಜರು ಚಹಾದ ಲೋಟ ಕೈಯಲ್ಲಿ ಹಿಡಿದು ಆ ಪಾತ್ರೆಯನ್ನೇ ನೋಡುತ್ತ ಕೂತರು. ಹಿಟ್ಟು ಬೇಗ ಹುಳಿ ಬರಬೇಕಾದರೆ ತಾವೂ ಅದನ್ನೇ ಮಾಡುತ್ತಿದ್ದರು. ಒಲೆಗೆ ಹತ್ತಿರ ಇದ್ದದ್ದು ಮೊದಲು ಉಬ್ಬುತ್ತದೆ, ದೂರ ಇದ್ದದ್ದು ಆಮೇಲೆ. ಹಿಟ್ಟಿಗೆ ಬೆಂಕಿಯ ಸುದ್ದಿ ಮುಟ್ಟುವುದಾದರೆ ಮರಕ್ಕೆ ಯಾಕೆ ಮುಟ್ಟಬಾರದು?

"ಇಲ್ಲಿ ಹತ್ತಿರ ಇಟ್ಟಿಗೆ ಗೂಡು ಏನಾದರೂ ಉಂಟಾ?" ಎಂದು ತಮಿಳಿನಲ್ಲಿ ಕೇಳಿದರು.

ಆಕೆ ಕೈ ತೋರಿಸಿದಳು. ಏರಿಯ ಆಚೆ ಬಿಳಿ ಹೊಗೆ ಏಳುತ್ತಿತ್ತು.

"ಮನೆ ಕಟ್ತೀರಾ ಅಜ್ಜ?" ಎಂದು ವೀಕ್ಷಾ ತಮಿಳಿನಲ್ಲೇ ಕೇಳಿದಳು. ಅವರು ಆಗಲೇ ಸೈಕಲ್ ಹತ್ತಿದ್ದರು.

ಗೂಡಿನ ಹಿಂದೆ, ಹತ್ತು ಮಾರು ದೂರದಲ್ಲಿ ಒಂದೇ ಒಂದು ಬೇವು. ಗೂಡಿಗೆ ಬೆನ್ನು ಹಾಕಿದ ಕೊಂಬೆಗಳಲ್ಲಿ ಅದೇ ತಾಮ್ರದ ಎಲೆ, ಅದೇ ಮೊಗ್ಗು. ಗೂಡಿಗೆ ಮುಖ ಮಾಡಿದ ಮೂರು ಕೊಂಬೆಗಳಲ್ಲಿ ಮಾತ್ರ ಹೂ, ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಬಿಳಿ. ಜೇನುನೊಣಗಳಿಗೆ ಅದು ಆಗಲೇ ಗೊತ್ತಾಗಿತ್ತು.

ವೀಕ್ಷಾ ಫೋಟೋ ತೆಗೆಯುವುದನ್ನು ಮರೆತಳು. "ಅರ್ಧ ಮರ ಅಜ್ಜ" ಎಂದಳು, ಕನ್ನಡದಲ್ಲಿ.

"ಅರ್ಧ ಸಾಕು."

ಕಾವಲಿನವನು ಬೇಕಾದಷ್ಟು ತೆಗೆದುಕೊಳ್ಳಿ ಎಂದ. ಮಧ್ವರಾಜರು ಹೆಗಲಿನ ಬೈರಾಸು ನೆಲಕ್ಕೆ ಹಾಸಿ ಸೈಕಲನ್ನು ಬಿಗಿಯಾಗಿ ಹಿಡಿದುಕೊಂಡರು. ವೀಕ್ಷಾ ಕ್ಯಾರಿಯರ್ ಮೇಲೆ ನಿಂತು ಕೊಂಬೆ ಅಲ್ಲಾಡಿಸಿದಳು. ಎರಡು ಬೊಗಸೆ ಆಯಿತು. ಬೂದಿಯನ್ನು ಊದಿ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿದರು. ದಾರಿಯುದ್ದಕ್ಕೂ ಅವಳು ಆ ಗಂಟನ್ನು ತನ್ನ ಬುಟ್ಟಿಯಲ್ಲೇ ಇಟ್ಟುಕೊಂಡಳು, ಅಜ್ಜನ ಕೈಗೆ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಇಬ್ಬರೂ ಅಡ್ಯಾರಿಗೆ ಬಂದರು. ಗೋದಾಬಾಯಿ ಎಣ್ಣೆ ನೀರು ಹಾಕಿಕೊಂಡು ಕುರ್ಚಿಯಲ್ಲಿ ಕಾಯುತ್ತ ಕೂತಿದ್ದರು. ಮಧ್ವರಾಜರು ಗಂಟು ಬಿಚ್ಚಿ ಅವರ ಅಂಗೈಗೆ ಹೂ ಸುರಿದರು. ಅವರು ಮೂಗಿಗೆ ಹಿಡಿದು ಮತ್ತೆ ಮತ್ತೆ ಮೂಸಿದರು.

"ಹಸೀದೇ. ಆದ್ರೆ ಹೊಗೆ ವಾಸನೆ ಇದ್ಯಲ್ಲೋ?"

ಮಧ್ವರಾಜರು ಏನೂ ಮುಚ್ಚಿಡದೆ ಹೇಳಿದರು. ದಿನ ತಪ್ಪಿದ್ದು, ಹನ್ನೊಂದು ಮರ, ಗೂಡು. ಗೋದಾಬಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ನಲವತ್ತು ವರ್ಷ ತಿನ್ಸಿದೀನಿ, ದಿನ ಗೊತ್ತಿಲ್ವೇನೋ ನಿಂಗೆ?"

"ಬಟ್ಟಲು ಬಂದ ದಿನ ಯುಗಾದಿ ಅಂತ ಇದ್ದೆ ಅಮ್ಮ."

ಅವರು ಹೂವಿಗೆ ಬೆಲ್ಲ ಬೆರೆಸಿ, ದೇವರಿಗೆ ತೋರಿಸಿ, ಮೊದಲು ವೀಕ್ಷಾಳ ಕೈಗೆ ಇಟ್ಟರು. ಹುಡುಗಿ ಮುಖ ಕಿವಿಚಿಕೊಂಡರೂ ನುಂಗಿದಳು. ಆಮೇಲೆ ತಾವು ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ವಸಡಿನಲ್ಲಿ ನಿಧಾನ ಅಗಿದರು. ಪಂಢರಿನಾಥ ನೀರಿನ ಲೋಟ ತಂದಾಗ ಈಗಲೇ ಬೇಡವೆಂದು ಕೈಯಾಡಿಸಿದರು.

"ಆ ಮರ ನಂಗೆ ಮುಟ್ಟಿ ನೋಡ್ಬೇಕು" ಎಂದರು ಸ್ವಲ್ಪ ಹೊತ್ತಿನ ಮೇಲೆ. "ಕರ್ಕೊಂಡು ಹೋಗ್ತೀಯಾ?"

"ಕ್ಯಾರಿಯರ್ ಗಟ್ಟಿ ಉಂಟು ಅಮ್ಮ."

"ಬೀಳ್ಸಿಬಿಟ್ರೆ?"

"ಬೀಳ್ಸುದಾದ್ರೆ ಬೇವಿನ ಬುಡದಲ್ಲೇ ಬೀಳ್ಸುದು."

"ಹಾಗಾದ್ರೆ ಸರಿ" ಎಂದು ಗೋದಾಬಾಯಿ, ಪಂಢರಿನಾಥ ಬೇಡ ಬೇಡ ಎನ್ನುತ್ತಿದ್ದಂತೆಯೇ, ಯಾವ ದಿನ ಹೊರಡುವುದೆಂದು ವೀಕ್ಷಾಳನ್ನು ಕೇಳತೊಡಗಿದರು.