ಪುಷ್ಪಕ್ಕ ಬರೆದ ದಾರಿ

ರಂಜನಿ ಯಂತ್ರ ಕಟ್ಟಿ ತೆಂಗಿನ ಮರವೇರಿ ಕಾಯಿ ತೆಗೆಯುವವಳು. ಮರದ ಮೇಲಿರುವಾಗ ಫೋನು ಎತ್ತಲಾಗುವುದಿಲ್ಲ. ಅದಕ್ಕೇ ಬೋವಿಕಾನದ ಅವಳ ನೆರೆಮನೆಯ ಕ್ಷಮಾ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುವ ಹುಡುಗಿ, ಒಂದು ವೆಬ್ ಪುಟ ಮಾಡಿಕೊಟ್ಟಿದ್ದಳು. ಹೆಸರು, ಎಷ್ಟು ಮರ, ಮನೆಗೆ ಬರುವ ದಾರಿ ಬರೆದು 'ಕಳುಹಿಸಿ' ಒತ್ತಿದರೆ ರಂಜನಿಯ ಪಟ್ಟಿಗೆ ಸೇರುತ್ತಿತ್ತು. ಎರಡು ವಾರದಲ್ಲಿ ಪೇಟೆಯ ಸುತ್ತಿನ ಮನೆಗಳಿಂದ ಕೆಲಸ ಬಂತು. ತೆಂಗಿನ ತೋಟಗಳೇ ತುಂಬಿದ ಹಳ್ಳಿ ಬೆಳ್ಳೂರಿನಿಂದ ಮಾತ್ರ ಒಂದೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಬೆಳ್ಳೂರಿನ ಪುಷ್ಪಾವತಿಯೇ ಫೋನು ಮಾಡಿದರು.

"ಎಂತ ಮಾರಾಯ್ತಿ, ದೊಡ್ಡ ಜನ ಆದೆಯಾ? ಎರಡು ಸಲ ಬರೆದು ಕಳಿಸಿದೆ. ನಲವತ್ತು ಮರ ಉಂಟು. ಇವತ್ತು ಸಂಜೆಯೊಳಗೆ ಹೇಳದಿದ್ದರೆ ಲತೀಶನಿಗೆ ಹೇಳ್ತೇನೆ, ಆಯ್ತಾ?"

ಲತೀಶನೂ ತೆಂಗಿನ ಮರ ಹತ್ತುವವನು, ಅವನು ಒಮ್ಮೆ ಕಾಲಿಟ್ಟ ತೋಟ ಮತ್ತೆ ರಂಜನಿಗೆ ಸಿಗುವುದಿಲ್ಲ. ಅವಳು ನೇರ ಕ್ಷಮಾಳ ಮನೆಗೆ ಹೋದಳು.

ಕ್ಷಮಾ ದಾರಿಯ ಜಾಗದಲ್ಲಿ 'ಬೋವಿಕಾನ' ಎಂದು ಬರೆದು ಒತ್ತಿದಳು. ಪಟ್ಟಿಯಲ್ಲಿ ಬಂತು. "ಸರಿ ಉಂಟಲ್ಲ ಅಕ್ಕ."

ರಂಜನಿಯ ಕಣ್ಣು ಪರದೆಯ ಮೇಲ್ತುದಿಯಲ್ಲಿತ್ತು. "ನೀನು ಬರೆದದ್ದು ಅಲ್ಲಿ ಮೇಲೆ ಹೇಗೆ ಹೋಯ್ತು?"

"ಅದು ಪುಟದ ವಿಳಾಸ. ಬರೆದದ್ದೆಲ್ಲ ಅದರ ಬಾಲಕ್ಕೆ ಅಂಟಿಕೊಂಡು ಸರ್ವರ್ ಎಂಬ ದೂರದ ಕಂಪ್ಯೂಟರಿಗೆ ಹೋಗ್ತದೆ. ಅಲ್ಲಿ ನನ್ನದೊಂದು ಸಣ್ಣ ಪ್ರೋಗ್ರಾಂ ಉಂಟು, ಅದು ಬಿಡಿಸಿ ಓದ್ತದೆ."

"ಕನ್ನಡವನ್ನಾ?"

ಕ್ಷಮಾ ನಕ್ಕು 'ಕ' ಎಂಬ ಒಂದೇ ಅಕ್ಷರ ಕಳುಹಿಸಿ, ಆ ವಿಳಾಸವನ್ನು ಬೇರೆ ಕಡೆ ಅಂಟಿಸಿ ತೋರಿಸಿದಳು. 'ಕ' ಇದ್ದಲ್ಲಿ %E0%B2%95 ಎಂದಿತ್ತು. ರಂಜನಿ ಬೆರಳಿಟ್ಟು ಎಣಿಸಿದಳು. ಒಂಬತ್ತು.

"ಅಯ್ಯೋ, ಒಂದಕ್ಕೆ ಒಂಬತ್ತಾ! ಇಂಗ್ಲಿಷಿನದ್ದು?"

"ಒಂದಕ್ಕೆ ಒಂದೇ. ಪೇಟೆಯವರು ಇಂಗ್ಲಿಷಿನಲ್ಲಿ ಎರಡು ಶಬ್ದ ಬರೀತಾರೆ."

ರಂಜನಿ ಪುಷ್ಪಾವತಿಗೆ ಫೋನು ಮಾಡಿ, "ಅಕ್ಕ, ನೀವು ಬರೆದದ್ದನ್ನು ಹಾಗೆಯೇ ಹೇಳಿ ನೋಡುವ," ಎಂದಳು. ಕ್ಷಮಾ ಟೈಪ್ ಮಾಡಿದಳು. ರೇಷನ್ ಅಂಗಡಿಯಿಂದ ಎಡಕ್ಕೆ ಇಳಿಯುವುದು, ಹಳ್ಳದ ಕಾಲುಸಂಕ ದಾಟುವುದು, ಎರಡು ಗೇಟು ಬಿಡುವುದು, ಹಸಿರು ಬಣ್ಣದ ಮನೆ ನಮ್ಮದಲ್ಲ, ಅದು ಭಾವನವರದ್ದು, ಅವರಲ್ಲಿ ಕೇಳಬಾರದು, ಈಗ ಮಾತಿಲ್ಲ, ಅದರ ಹಿಂದಿನ ಗುಡ್ಡೆ ಹತ್ತುವುದು... ಸಂಖ್ಯೆ ನೋಡಿ ಮನೆ ಹುಡುಕುವ ಊರಲ್ಲ ಅದು. ಬೆಳ್ಳೂರಿನವರೆಲ್ಲ ಹೀಗೆಯೇ ದಾರಿ ಹೇಳುವುದು.

ಕ್ಷಮಾ ಒತ್ತಿದಳು. ಬಿಳಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂದ ಒಂದು ಸಾಲನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದಳು: ಪುಟದ ವಿಳಾಸ ತೀರಾ ಉದ್ದವಾಯಿತು.

"ಹಾಂ, ನನಗೂ ಹೀಗೆ ಇಂಗ್ಲಿಷಿನಲ್ಲಿ ಎಂತದೋ ಬಂದಿತ್ತು," ಎಂದಿತು ಫೋನು. "ಥ್ಯಾಂಕ್ಸ್ ಹೇಳಿದ್ದು ಅಂತ ಮುಚ್ಚಿಬಿಟ್ಟೆ."

ಕ್ಷಮಾ ತಲೆಗೆ ಕೈಯಿಟ್ಟುಕೊಂಡಳು. "ಚಿಕ್ಕದಾಗಿ ಬರೆಯಿರಿ ಅಂತ ಹಾಕುವುದಾ?"

"ಬೇಡಪ್ಪ. ಮತ್ತೆ ನಾನು ಭಾವನ ಮನೆಗೇ ಹೋಗಿ ನಿಲ್ಲಬೇಕು. ಬಾಲಕ್ಕೆ ಕಟ್ಟದೆ ಒಳಗಿಟ್ಟು ಕಳಿಸ್ಲಿಕ್ಕೆ ಆಗುವುದಿಲ್ಲವಾ?"

ಆಗುತ್ತಿತ್ತು. ಕ್ಷಮಾ ಪುಟದಲ್ಲಿ ಬಾಲಕ್ಕೆ ಕಟ್ಟುವ 'ಗೆಟ್' ಎಂದಿದ್ದಲ್ಲಿ ಒಳಗಿಟ್ಟು ಕಳಿಸುವ 'ಪೋಸ್ಟ್' ಎಂದು ಬರೆದಳು. ಸರ್ವರಿನ ಪ್ರೋಗ್ರಾಮಿನಲ್ಲೂ ಅದಕ್ಕೆ ತಕ್ಕ ಬದಲಾವಣೆ ಮಾಡಿದಳು.

ಪುಷ್ಪಾವತಿ ಮೂರನೇ ಸಲ ಬರೆದರು. ಮಧ್ಯಾಹ್ನದ ಊಟದ ಹೊತ್ತಿಗೆ ಪಟ್ಟಿಯಲ್ಲಿ ಹೊಸ ಸಾಲು ಕಂಡಿತು. ದಾರಿ ಒಂದಕ್ಷರವೂ ಬಿಡದೆ ಬಂದಿತ್ತು. ಕೊನೆಗೆ ಹೊಸದಾಗಿ ಸೇರಿಸಿದ್ದರು: 'ಬಾವಿ ಪಕ್ಕದ ಮೂರು ಮರದಲ್ಲಿ ಕೆಂಪಿರುವೆ ಉಂಟು, ನೋಡಿಕೊಂಡು ಹತ್ತು. ನಾಳೆ ಏಳಕ್ಕೆ ಬಾ, ಲತೀಶನಿಗೆ ಹೇಳಲಿಲ್ಲ.'