ಗೇರ್ ಎಣ್ಣೆಯೂ ಮಾವನ ಧೋತ್ರವೂ

ಕದರಮಂಡಲಗಿಯ ಡಾಕಪ್ಪನಿಗೆ ಮಾವನೆಂದರೆ ಭಯವಿರಲಿಲ್ಲ. ಮಾವ ಟ್ರ್ಯಾಕ್ಟರ್ ಹತ್ತುತ್ತಾನಲ್ಲ, ಅದರ ಭಯ. ಐರಣಿಯ ಗುಡ್ಡಪ್ಪ ಮಗಳು ಮೈಲವ್ವನನ್ನು ಇವನಿಗೆ ಕೊಟ್ಟಾಗ ತನ್ನ ಹಳೆಯ ಕೆಂಪು ಟ್ರ್ಯಾಕ್ಟರನ್ನೂ ಹಿಂದೆಯೇ ಕಳಿಸಿದ್ದ. ಅಂಥ ಮಾಡೆಲ್ಲು ಈಗ ಸುತ್ತಲಿನ ಊರುಗಳಲ್ಲಿ ನೋಡಲಿಕ್ಕೂ ಸಿಗುವುದಿಲ್ಲ. ಗುಡ್ಡಪ್ಪ ಬಂದಾಗಲೆಲ್ಲ ಮೊದಲು ಬಾನೆಟ್ಟು ಸವರುತ್ತಿದ್ದ, ಆಮೇಲೆ ಮಗಳ ಮುಖ ನೋಡುತ್ತಿದ್ದ. ಚಹಾ ಕುಡಿದು ಊರ ಸುತ್ತ ತಾನೇ ಒಂದು ರೌಂಡು ಹೊಡೆದು ಬಂದು ಕೇಳುತ್ತಿದ್ದ:

"ಗೇರ್ ಎಣ್ಣಿ ಬದ್ಲಿ ಮಾಡ್ತೀರಿಲ್ರಿ, ಅಳಿಯಂದ್ರ?"

"ವರ್ಸಾ ತಪ್ಪದಂಗ ಮಾಡ್ತೇನ್ರಿ, ಮಾವಾರ."

ಒಂದು ಸಲವೂ ಮಾಡಿರಲಿಲ್ಲ. ಓಡುವ ಗಾಡಿಯ ಹೊಟ್ಟೆ ಬಿಚ್ಚಬಾರದು ಎಂಬುದು ಡಾಕಪ್ಪನ ನಂಬಿಕೆ. ಅದರ ಬದಲು ತೊಳೆಯುತ್ತಿದ್ದ. ಮಾವ ಬರುವ ಸುದ್ದಿ ಬಂದರೆ ಸಾಕು, ಬೋರಿನ ಪೈಪು ಹಿಡಿದು ಎಮ್ಮೆಯ ಮೈ ತೊಳೆದಂತೆ ಮೂಲೆಮೂಲೆ ಉಜ್ಜುತ್ತಿದ್ದ.

ಈ ಸಲ ಬ್ಯಾಡಗಿಯಲ್ಲಿ ನೆಂಟರ ಮನೆಯ ನಿಶ್ಚಯವಿತ್ತು. ಗುಡ್ಡಪ್ಪ ಬಂದು ಮಗಳು ಅಳಿಯನನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಡಾಕಪ್ಪ ಹಿಂದಿನ ದಿನವೇ ಗಾಡಿ ತೊಳೆದಿಟ್ಟ. ಬೆಳಿಗ್ಗೆ ಅಂಗಳಕ್ಕೆ ತರೋಣವೆಂದು ಗೇರ್ ಹಾಕಿದರೆ, ಮುದುಕಿ ಮಂಡಿ ಹಿಡಿದು ಏಳುವಾಗ ನರಳಿದಂತೆ ಸದ್ದು ಬಂತು. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ನೋಡಿದ. ಬ್ಯಾಡಗಿಯ ಮಿಸ್ತ್ರಿ ಕಾಸೀಮಸಾಬನಿಗೆ ಫೋನ್ ಹಚ್ಚಿದ.

"ಸಾಬ್ರ, ಗೇರ್ ಎಣ್ಣಿ ಚಹಾದಂಗ ಆಗೈತ್ರಿ."

"ಕರೇ ಚಹಾನೋ, ಹಾಲು ಹಾಕಿದ್ದೋ?"

"ಹಾಲು ಭಾಳ ಆಗೈತ್ರಿ."

"ಹಂಗಾರ ನೀರು ಹೊಕ್ಕೈತಿ. ಗೇರಿನ ದಂಡದ ಬುಡಕ ರಬ್ಬರ್ ಹರದಿರತೈತಿ, ನೀವು ಅಲ್ಲೇ ಪೈಪ್ ಹಿಡದಿರ್ತೀರಿ. ಎಷ್ಟು ಸರ್ತಿ ತೊಳದೀರಿ?"

ಡಾಕಪ್ಪ ಫೋನ್ ಇಟ್ಟು ಬೈಕ್ ಹತ್ತಿ ಹೋಗಿ, ಹೊಸ ಎಣ್ಣೆಯ ಡಬ್ಬಿ, ರಬ್ಬರು, ವಾಷರು ತಂದ. ಕಾಸೀಮಸಾಬ ಹೇಳಿದಂತೆ ಎಣ್ಣೆ ತೆಳುವಾಗಲೆಂದು ಗಾಡಿಯನ್ನು ತುಸು ಓಡಿಸಿ ಬೆಚ್ಚಗೆ ಮಾಡಿದ. ಹಳೆ ಎಣ್ಣೆ ಹಿಡಿಯಲು ಪಾತ್ರೆ ಹುಡುಕುತ್ತಿದ್ದಾಗ ಮೈಲವ್ವ ಬಾಗಿಲಲ್ಲಿ ನಿಂತಿದ್ದಳು.

"ಹೋಳಿಗಿ ಬೋಗಾಣಿ ಮುಟ್ಟಿದ್ರಿ ಅಂದ್ರ ನಾ ಅಪ್ಪನ ಸಂಗಾಟ ಐರಣಿಗೇ ಹೋಗ್ತೇನಿ, ನೋಡ್ರಿ."

ಅವನು ಸಗಣಿಯ ತಗಡಿನ ಬುಟ್ಟಿ ಹಿಡಿದು ಗಾಡಿಯ ಕೆಳಗೆ ತೂರಿದ. ಎಣ್ಣೆ ಬಿಡುವ ಬೋಲ್ಟಿಗೆ ಪಾನಾ ಹಚ್ಚಿ ತಿರುವಿದ. ಅದು ಜಪ್ಪಯ್ಯ ಅನ್ನಲಿಲ್ಲ. ಕಾಲು ಕೊಟ್ಟು ಒದ್ದ, ಅಲುಗಲಿಲ್ಲ. ಬೋಲ್ಟಿಗೆ ಬೈಯುತ್ತ ಮಲಗಿದ್ದಾಗ ಗಾಲಿಯ ಪಕ್ಕ ಹೊಳೆಯುವ ಎರಡು ಹೊಸ ಚಪ್ಪಲಿ, ಅದರ ಮೇಲೆ ಇಸ್ತ್ರಿ ಮಾಡಿದ ಧೋತ್ರದ ಅಂಚು ಬಂದು ನಿಂತವು.

"ಎಣ್ಣಿ ಬದ್ಲಿ ಮಾಡಾಕತ್ತೀರೇನು? ಶಾಬಾಸ್!" ಎಂದ ಗುಡ್ಡಪ್ಪ. ಬಗ್ಗಿ ಇಣುಕಿದ. "ವರ್ಸಾ ಬಿಚ್ಚೂ ಬೋಲ್ಟು ಇಷ್ಟು ಬಿಗಿ ಯಾಕ್ರಿ?"

"ಹೋದ ವರ್ಸ ಒಂಚೂರು ಜಾಸ್ತಿ ಬಿಗದಿದ್ದೆ ಅನಸ್ತೈತ್ರಿ."

"ಈಕಡೆ ಸರೀರಿ. ನಿಮಗ ತಿಳಿಯೂದಿಲ್ಲ."

ಡಾಕಪ್ಪ ಹೊರಗೆ ಬಂದದ್ದೇ, ನಿಶ್ಚಯಕ್ಕೆ ಹೊರಟ ಮಾವ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರಿಯೇಬಿಟ್ಟ. ಪಾನಾದ ಹಿಡಿಕೆಗೆ ಕಬ್ಬಿಣದ ಪೈಪು ಸಿಗಿಸಿ, ಅದರ ತುದಿಯನ್ನು ಹೊರಗೆ ನಿಂತ ಅಳಿಯನ ಕೈಗೆ ಕೊಟ್ಟ. "ಹೂಂ, ಜಗ್ಗ್ರಿ!" ಡಾಕಪ್ಪ ಜಗ್ಗಿದ. ಬೋಲ್ಟು ಕಿರ್ರೆಂದಿತು. "ಬಂತು, ಬಂತು, ಇನ್ನ ನಾ ಕೈಲೇ ಬಿಚ್ತೇನಿ," ಎಂದು ಗುಡ್ಡಪ್ಪ ಸಂಭ್ರಮದಲ್ಲಿ ಮೊಣಕೈಯಿಂದ ಬುಟ್ಟಿಯನ್ನು ಅತ್ತ ತಳ್ಳಿದ್ದು ಯಾರಿಗೂ ಗೊತ್ತಾಗಲಿಲ್ಲ. ಬೋಲ್ಟು ಕಳಚಿ ಬಿತ್ತು. ಹಿಂದೆಯೇ ಹಾಲು ಹಾಕಿದ ಚಹಾ ಭಳಭಳನೆ ಇಳಿಯಿತು.

"ಅಯ್ಯಯ್ಯೋ! ಜಗ್ಗ್ರಿ ನನ್ನ!"

ಡಾಕಪ್ಪ ಎರಡೂ ಕಾಲು ಹಿಡಿದು ಜಗ್ಗಿದ. ಬರಲಿಲ್ಲ. ಧೋತ್ರದ ಚುಂಗಿನ ಮೇಲೆ ತಾನೇ ನಿಂತಿದ್ದೇನೆಂದು ತಿಳಿಯುವಷ್ಟರಲ್ಲಿ ಬರಬೇಕಾದ ಎಣ್ಣೆಯೆಲ್ಲ ಬಂದಾಗಿತ್ತು.

ಗುಡ್ಡಪ್ಪ ಎದ್ದು ಕೂತ. ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಅಂಗೈಯಲ್ಲಿದ್ದುದನ್ನು ಬೆರಳಿನಿಂದ ತಿಕ್ಕಿ ನೋಡಿ, ಮೂಸಿ, ಅಳಿಯನ ಕಡೆ ತಿರುಗಿದ.

"ಇದು ವರ್ಸಾ ಬದ್ಲಿ ಮಾಡಿದ ಎಣ್ಣಿ ಏನ್ರಿ?"

ಡಾಕಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮೈಲವ್ವ, "ಅಪ್ಪಾ, ಗಾಡಿ ಐರಣ್ಯಾಗ ಇದ್ದಾಗ ನೀ ಎಷ್ಟು ಸರ್ತಿ ಬದ್ಲಿ ಮಾಡಿದ್ದಿ?" ಎಂದಳು.

ಗುಡ್ಡಪ್ಪ ಮೀಸೆ ಒರೆಸಿಕೊಂಡ. ಬೇಲಿಯ ಕಡೆ ನೋಡಿದ.

"ನಮ್ಮ ಕಾಲದಾಗ ಎಣ್ಣೀನ ಛಲೋ ಬರ್ತಿತ್ತು, ಬಿಡವ್ವ."

ಮೈಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಡಾಕಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಹೆದರಿದ. ಆದರೆ ಮುದುಕನೂ ನಗುತ್ತಿದ್ದ, ಹೊಟ್ಟೆ ಕುಣಿಸಿಕೊಂಡು.

"ಡಾಕ್ಯಾ, ಡಬ್ಬಿ ತಾರೋ. ನಿಶ್ಚೆ ಹಾಳಾಗ್ಲಿ, ಮೊದಲ ಇದನ್ನ ಮುಗಸೂಣು."

ಮದುವೆಯಾದಾಗಿನಿಂದ 'ಅಳಿಯಂದ್ರ' ಎನ್ನುತ್ತಿದ್ದ ಬಾಯಿ ಅದು. ಡಾಕಪ್ಪ ಡಬ್ಬಿಯನ್ನು ಓಡಿಹೋಗಿ ತಂದ. ಇಬ್ಬರೂ ಸೇರಿ ಹೊಸ ವಾಷರು ಕೂರಿಸಿ ಬೋಲ್ಟು ಬಿಗಿದರು, ಎಣ್ಣೆ ಸುರಿದರು, ಕಡ್ಡಿ ಎಳೆದು ನೋಡಿದರು, ಇನ್ನಷ್ಟು ಸುರಿದು ಮತ್ತೆ ನೋಡಿದರು. ಹರಿದ ರಬ್ಬರನ್ನೂ ಬದಲಿಸಿದರು. ಗೇರು ಹೂರಣದಲ್ಲಿ ಕೈ ಇಟ್ಟಂತೆ ಮೆತ್ತಗೆ ಬಿತ್ತು.

ಧೋತ್ರ ಮಾತ್ರ ಉಡುವಂತಿರಲಿಲ್ಲ. ಗುಡ್ಡಪ್ಪ ಮೈ ತಿಕ್ಕಿ ಸ್ನಾನ ಮಾಡಿ, ಜೀವನದಲ್ಲಿ ಮೊದಲ ಬಾರಿಗೆ ಪ್ಯಾಂಟು ತೊಟ್ಟ, ಅಳಿಯನದು. ಕಾಲು ಅಗಲಿಸಿಕೊಂಡು ನಡೆದು ಟ್ರ್ಯಾಕ್ಟರ್ ಹತ್ತಿ, ಮಗಳು ಅಳಿಯನನ್ನು ಕೂರಿಸಿಕೊಂಡು ಬ್ಯಾಡಗಿಗೆ ತಾನೇ ಓಡಿಸಿದ.

ನಿಶ್ಚಯದ ಮನೆಯಲ್ಲಿ ಗಂಡಿನ ಕಡೆಯವನೊಬ್ಬ ಆ ಪ್ಯಾಂಟು, ಕಪ್ಪು ಉಗುರು ನೋಡಿ, "ಡ್ರೈವರ್‌ಗಳ ಪಂಕ್ತಿ ಹಿತ್ತಲದಾಗ ಐತ್ರಿ," ಎಂದ. ಮೈಲವ್ವ ಕೆಂಡವಾದಳು. ಗುಡ್ಡಪ್ಪ ಮಾತ್ರ ತಕರಾರಿಲ್ಲದೆ ಹಿತ್ತಲಿಗೆ ನಡೆದ, ಡಾಕಪ್ಪ ಹಿಂಬಾಲಿಸಿದ. ಒಳಗೆ ಉಡಿ ತುಂಬುವ ಹೊತ್ತಾಯಿತು, ಹಿರಿಯರು ಬರಬೇಕೆಂದು ಮೈಲವ್ವ ಕರೆಯಲು ಬಂದರೆ, ಮಾವ ಅಳಿಯ ಇಬ್ಬರೂ ಡ್ರೈವರುಗಳ ನಡುವೆ ಕೂತು, ಮುಂದಿನ ಎಲೆಯ ಊಟ ಆರಿಹೋದರೂ ಲಕ್ಷ್ಯವಿಲ್ಲದೆ, ಎಣ್ಣೆಗೆ ನೀರು ಹೊಕ್ಕರೆ ಹೇಗೆ ಕಂಡುಹಿಡಿಯಬೇಕೆಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು.