ಹನ್ನೊಂದು ಊರಿನ ನೀರು

ಹಿರಿಯೂರಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಓಬಳೇಶ್ ಹನ್ನೊಂದನೇ ಪ್ರಾಜೆಕ್ಟ್ ಪುಸ್ತಕವನ್ನೂ ಮುಚ್ಚಿ ಹಣೆ ಒತ್ತಿಕೊಂಡರು. ತಂತಮ್ಮ ಊರಿನ ಬೋರ್‌ವೆಲ್ ನೀರು ತಂದು ಗಡಸುತನ ಅಳೆಯಿರಿ ಎಂದು ಮಕ್ಕಳಿಗೆ ಹೇಳಿದ್ದರು. ಹನ್ನೊಂದು ಊರಿನ ನೀರಿಗೂ ಬಂದದ್ದು ಒಂದೇ ಉತ್ತರ: ಲೀಟರಿಗೆ ನೂರ ಎಂಬತ್ತು ಮಿಲಿಗ್ರಾಂ. ನಾಳೆ ಹೊರಗಿನ ಪರೀಕ್ಷಕರು ಇದನ್ನು ಕಂಡರೆ ಎಲ್ಲರ ಅಂಕಕ್ಕೂ ಕತ್ತರಿ ಬೀಳುವುದು ಖಂಡಿತ.

ಗೊಲ್ಲರಹಟ್ಟಿಯ ಮೌನಿಕಾಳನ್ನು ಕರೆದರು. "ನೀನು ಲ್ಯಾಬಲ್ಲಿ ಬ್ಯೂರೆಟ್ ಹಿಡಿದು ನೀರು ಅಳೆದಿದ್ದನ್ನ ನಾನೇ ಕಂಡೀನಿ. ನಿನಗೆಷ್ಟು ಬಂತಮ್ಮ?"

"ಏಳುನೂರ ಹತ್ತು ಸಾರ್. ಮೂರು ಸಲಾನೂ."

"ಮತ್ತೆ ಇಲ್ಲಿ ಬರೆದಿರೋದು ಯಾರ ನೀರು?"

"ಎಐನ ಕೇಳ್ದೆ ಸಾರ್. ಅಷ್ಟೊಂದು ಬರಲ್ಲ, ನಿನ್ನದೇ ತಪ್ಪಿರಬೇಕು ಅಂತು. ನೂರ ಎಂಬತ್ತು ಅಂತ ಅದೇ ಟೇಬಲ್ ಮಾಡ್ಕೊಡ್ತು. ಎಲ್ಲಾರೂ ಅದನ್ನೇ ಬರ್ಕಂಡ್ರು."

"ಅದೇನು ನಿಮ್ಮ ಹಟ್ಟಿ ನೀರು ಕುಡಿದೈತಾ? ನಿಮ್ಮನೇಲಿ ಬೇಳೆ ಬೇಯುತ್ತೇನಮ್ಮ?"

"ಎಲ್ಲಿ ಬೇಯುತ್ತೆ ಸಾರ್! ನಮ್ಮವ್ವ ದಿನಾ ಬೈಕಂತಾಳೆ. ನೀರು ಕಾಸೋ ಪಾತ್ರೆ ತುಂಬಾ ಬಿಳೀ ಪದರ..."

ಮೌನಿಕಾ ಪುಸ್ತಕ ಎಳೆದುಕೊಂಡು ನೂರ ಎಂಬತ್ತರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಏಳುನೂರ ಹತ್ತು ಎಂದು ಒತ್ತಿ ಬರೆದಳು.

"ಉಳಿದ ಹತ್ತು ಜನರನ್ನ ಕರಿ. ನೀರಿನ ಬಾಟ್ಲಿ ತಗಂಡು ಬರ್ಲಿ," ಎಂದರು ಓಬಳೇಶ್.

"ಅವರು ನೀರು ತಂದೇ ಇಲ್ಲ ಸಾರ್."

ಓಬಳೇಶ್ ಗಡಿಯಾರ ನೋಡಿದರು. "ಈಗ್ಲೇ ಅವರವರ ಊರಿನ ಬಸ್ಸಿಗೆ ಹೋಗಿ ತರ್ಲಿ. ಸಂಜೆ ಆರರ ತನಕ ಲ್ಯಾಬ್ ಬಾಗ್ಲು ತೆಗೆದಿರ್ತೀನಿ. ನಂಗೂ ಬೇರೆ ಕೆಲಸ ಏನೈತೆ, ಹೇಳು!"